ಒಂದಾಳಿನಷ್ಟು ಜಾಗ

ಮಂಗಳವಾರ, ಸಂಜೆ

ಅಪ್ಪನಿಗೆ ಚಿಕ್ಕ ಮಗಳ ನಮಸ್ಕಾರ.

‘ತೀರ್ಥರೂಪರ ಪಾದಗಳಿಗೆ’ ಎಂದು ಶುರುಮಾಡಿ, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಹಾಗೆ ಬರೆದರೆ ಶಾಲೆಯಲ್ಲಿ ಅಂಕ ಕೊಡುತ್ತಿದ್ದರು. ನೀವಾದರೆ ಇದು ಯಾರ ಮಗಳು ಬರೆದದ್ದಪ್ಪಾ ಎಂದು ಲಕೋಟೆ ತಿರುಗಿಸಿ ನೋಡುತ್ತೀರಿ. ಈ ಕಾಲದಲ್ಲಿ ಕಾಗದ ಯಾಕೆ ಎಂದು ಅಮ್ಮ ಕೇಳಬಹುದು. ಫೋನಿನಲ್ಲಿ ನೀವು ‘ಊಟ ಆಯ್ತಾ?’ ಅಂತ ಕೇಳಿ, ನಾನು ಹೂಂ ಅನ್ನುವುದರೊಳಗೆ ‘ಇರು, ಅಮ್ಮನಿಗೆ ಕೊಡ್ತೀನಿ’ ಅಂತ ದಾಟಿಸಿಬಿಡುತ್ತೀರಿ. ಎರಡು ತಿಂಗಳಿಂದ ಇದೇ ನಡೆದಿದೆ. ಕಾಗದವನ್ನು ದಾಟಿಸಿದರೂ ಅಮ್ಮ ಕನ್ನಡಕ ಹುಡುಕುವಷ್ಟರಲ್ಲಿ ನೀವು ಅರ್ಧ ಓದಿರುತ್ತೀರಿ.

ಯಾಕೆ ಹೀಗೆ ಮಾಡುತ್ತಿದ್ದೀರಿ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನ ಮದುವೆಯಾದ ವಾರಕ್ಕೆ ಆ ಗುಂಪಿನ ಫೋಟೋ ನನ್ನ ಫೋನಿಗೆ ಬಂತು. ಮೂವತ್ತು ವರ್ಷ ಸ್ಟುಡಿಯೋ ನಡೆಸಿದ ನೀವು ನಮ್ಮ ಮನೆಯ ಒಂದು ಫೋಟೋದಲ್ಲೂ ಇರಲಿಲ್ಲ. ಅವತ್ತು ಮಾತ್ರ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಹತ್ತು ಸೆಕೆಂಡಿನ ಟೈಮರ್ ಒತ್ತಿ, ಓಡಿಬಂದು ನಿಂತಿದ್ದೀರಿ. ಕುರ್ಚಿಗಳಲ್ಲಿ ಅಕ್ಕ, ಭಾವ, ಅಜ್ಜಿ. ಹಿಂದೆ ಅಮ್ಮ. ಅಮ್ಮನ ಪಕ್ಕ ಒಂದಾಳಿನಷ್ಟು ಖಾಲಿ ಜಾಗ. ಅದರಾಚೆ ನೀವು. ‘ನಿನ್ನನ್ನ ಆಮೇಲೆ ಜೋಡಿಸ್ತಾರಂತೆ. ನಿಂತ್ಕೊಂಡು ಒಂದು ಫೋಟೋ ತೆಗೆಸಿ ಕಳಿಸ್ಬೇಕಂತೆ, ಬೆಳಕು ಎಡಗಡೆಯಿಂದ ಬರ್ಬೇಕಂತೆ’ ಎಂದು ಅಮ್ಮ ಹೇಳಿದಳು.

ಎಲ್ಲಿತ್ತೋ ಅಷ್ಟು ಸಿಟ್ಟು. ಪರೀಕ್ಷೆ ಇತ್ತು, ಬರಲಾಗಲಿಲ್ಲ; ಅದನ್ನು ಬಂದವರಿಗೆಲ್ಲ ಕಾಣುವ ಹಾಗೆ ತೂತು ಬಿಟ್ಟು ತೋರಿಸಬೇಕೇ ಅನ್ನಿಸಿತು. ಫೋನನ್ನು ನಿಮ್ಮ ಕೈಗೆ ಕೊಡಿಸಿ, ‘ಸತ್ತವರನ್ನ ಜೋಡಿಸೋ ಹಾಗೆ ನನ್ನನ್ನ ಜೋಡಿಸ್ಬೇಡಿ’ ಅಂದೆ. ನೀವು ಫೋನನ್ನು ಅಮ್ಮನಿಗೆ ದಾಟಿಸಿದಿರಿ. ಬೈದಿದ್ದರೆ ಚೆನ್ನಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡಿದ್ದರೆ ತಾನೇ.

ಈಗ ನಡೆದದ್ದಕ್ಕೆ ಬರುತ್ತೇನೆ. ಶನಿವಾರ ನಾವು ಮೂವರು ಸರೋವರ ನೋಡಲು ಹೋಗಿದ್ದೆವು. ಒಬ್ಬಳು ನನ್ನ ಕೋಣೆಯವಳು. ಅವಳನ್ನು ನಾವು ನಕ್ಷೆ ಎಂದು ಕರೆಯುತ್ತೇವೆ, ಬೀದಿ ಕೊನೆಯ ಅಂಗಡಿಗೆ ಹೋಗುವುದಕ್ಕೂ ಪಟ್ಟಿ ಬರೆಯುವವಳು. ಇನ್ನೊಬ್ಬ ಲಂಬು. ನನ್ನ ಜೊತೆ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿರುತ್ತಾನೆ. ಅಲ್ಲಿನ ಪ್ರತಿ ಬಾಗಿಲಿಗೂ ಅವನ ಹಣೆಯ ಪರಿಚಯವಿದೆ. ಇಬ್ಬರೂ ನಮ್ಮ ಭಾಷೆಯವರು. ಒಂದೂವರೆ ವರ್ಷದಿಂದ ಈ ದೇಶದಲ್ಲಿ ಬಾಯಿ ತುಂಬ ಮಾತಾಡಲು ಇವರೇ ನನಗೆ ಗತಿ.

ನಕ್ಷೆಯ ಪಟ್ಟಿಯಲ್ಲಿ ನೋಡುವ ಜಾಗಗಳು ಹನ್ನೊಂದು, ತರಬೇಕಾದ ವಸ್ತುಗಳು ಒಂಬತ್ತು. ಒಂಬತ್ತರಲ್ಲಿ ‘ಒಣ ಕಾಲುಚೀಲ, ಒಂದು ಜೊತೆ’ ಎನ್ನುವುದೂ ಇತ್ತು. ನಾವಿಬ್ಬರೂ ಅದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೂ ಹೆದರಿ ತಂದೆವು.

ರೈಲಿನಲ್ಲಿ ಎರಡು ಗಂಟೆಯ ದಾರಿ. ಕಿಟಕಿಯಾಚೆ ಹೊಲ, ಮತ್ತೆ ಹೊಲ, ನಡುವೆ ಹೊಗೆಗೂಡಿನ ಮನೆಗಳು. ಹೊತ್ತು ಹೋಗದೆ ಲಂಬು ಅಕ್ಕನ ಮದುವೆಯ ಫೋಟೋ ತೋರಿಸು ಎಂದ. ತೋರಿಸುತ್ತ ಹೋದೆ. ಆ ಗುಂಪಿನ ಫೋಟೋ ಬಂದಾಗ ಬೇಗ ಸರಿಸಿದೆ, ಅವನು ಮತ್ತೆ ಹಿಂದಕ್ಕೆ ತಂದ. ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿ, ‘ನಿಮ್ಮಪ್ಪ ಯಾಕೆ ಹೀಗೆ ಗಾಳಿ ಮೇಲೆ ಕೈ ಇಟ್ಕೊಂಡಿದ್ದಾರೆ?’ ಎಂದು ಕೇಳಿದ.

ನನ್ನ ಹತ್ತಿರ ಉತ್ತರ ತಯಾರಿತ್ತು. ನಾನೂ ಅಕ್ಕನೂ ಅದರ ಬಗ್ಗೆ ನಗಾಡಿದ್ದೆವು: ಪಾಪ, ಹತ್ತು ಸೆಕೆಂಡು ಸಾಲದೆ ನೀವು ಓಡಿಬಂದು ಶರ್ಟು ಸರಿಮಾಡಿಕೊಳ್ಳುವುದರೊಳಗೆ ಕ್ಲಿಕ್ ಆಗಿದೆ, ಬಸ್ಸಿಗೆ ಕೈ ಮಾಡಿದವರ ಹಾಗೆ ಬಂದಿದ್ದೀರಿ ಎಂದು. ಅದನ್ನೇ ಹೇಳಲು ಬಾಯಿ ತೆರೆದವಳು ಫೋಟೋವನ್ನು ಇನ್ನೊಮ್ಮೆ ನೋಡಿದೆ. ನಿಮ್ಮ ಬಲಗೈ ಅಮ್ಮನ ಗಲ್ಲದ ಎತ್ತರಕ್ಕಿತ್ತು, ಅಂಗೈ ಕೆಳಗೆ, ಬೆರಳು ಸ್ವಲ್ಪ ಬಾಗಿ. ಅಮ್ಮನ ಪಕ್ಕ ನಾನು ನಿಂತರೆ ನನ್ನ ಭುಜ ಬರುವುದು ಅಲ್ಲಿಗೇ.

ಅಪ್ಪ, ನಿಮ್ಮ ಮರಳು ಚೀಲ ನೆನಪಾಯಿತು. ದೂರ ಇರುವವರನ್ನು ಜೋಡಿಸುವ ಫೋಟೋ ಇದ್ದಾಗ ನೀವು ‘ಅಸಿಸ್ಟೆಂಟ್!’ ಎಂದು ಕೂಗುತ್ತಿದ್ದಿರಿ. ನಾನು ಶಾಲೆಯ ಸಮವಸ್ತ್ರದಲ್ಲೇ ಓಡಿಬಂದು ಆ ಪುಟ್ಟ ಬಟ್ಟೆ ಚೀಲವನ್ನು ಗಿರಾಕಿಯ ಭುಜದ ಮೇಲೆ ಇಡುತ್ತಿದ್ದೆ. ‘ಕೈ ಇಟ್ಟ ಭುಜ ಒಂಚೂರು ಇಳಿದಿರುತ್ತೆ ಕಣೇ. ಸುಮ್ನೆ ಕೈ ಅಂಟಿಸಿದ್ರೆ ನೋಡಿದವ್ರಿಗೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ’ ಎನ್ನುತ್ತಿದ್ದಿರಿ. ಬಟ್ಟೆ ಹೊಲಿಯುವ ಆ ಹೆಂಗಸು ನೆನಪಿದ್ದಾಳಾ? ಮಗ ಹಡಗಿನಲ್ಲಿ ಕೆಲಸಕ್ಕಿದ್ದ. ನೀವು ಹೇಳಿ ಕಳಿಸಿದ ಹಾಗೆಯೇ ಗಾಳಿಯ ಮೇಲೆ ಕೈ ಇಟ್ಟು ಫೋಟೋ ತೆಗೆಸಿ ಕಳಿಸಿದ್ದ. ಆಕೆಯ ಫೋಟೋ ಮುಗಿದ ಮೇಲೆ ನಾನು ಚೀಲ ತೆಗೆಯಲು ಹೋದರೆ, ‘ಇನ್ನೊಂದು ನಿಮಿಷ ಇರ್ಲಿ ಮಗಾ’ ಎಂದು ತಡೆದಳು. ನೀವು ದೂರದಿಂದಲೇ ಬಿಡು ಎಂದು ಸನ್ನೆ ಮಾಡಿ, ಇಲ್ಲದ ಕೆಲಸ ಹುಡುಕಿಕೊಂಡು ದೀಪದ ತಂತಿ ಸುತ್ತುತ್ತ ನಿಂತಿರಿ.

ಬದುಕಿದ್ದವರನ್ನೂ ನೀವು ಜೋಡಿಸುತ್ತಿದ್ದಿರಿ. ನನಗದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಅಂದೆ.

ಸುಳ್ಳು ಯಾಕೆ ಹೇಳಲಿ, ಸರೋವರ ಚೆನ್ನಾಗಿತ್ತು. ನಕ್ಷೆ ನಮ್ಮನ್ನು ಇನ್ನೂರ ಹದಿನಾಲ್ಕು ಮೆಟ್ಟಿಲಿನ ಗಡಿಯಾರದ ಗೋಪುರ ಹತ್ತಿಸಿದಳು, ಇಳಿಸಿದಳು, ದೋಣಿಯಲ್ಲಿ ಕೂರಿಸಿದಳು, ಹಳೆಯ ಸೇತುವೆ ದಾಟಿಸಿದಳು. ಗೋಪುರದ ಮೇಲೆ ಅಷ್ಟು ಗಾಳಿ, ಅಷ್ಟು ನೀಲಿ. ಎಲ್ಲರೂ ಆ ನೀಲಿಗೆ ಬೆನ್ನು ಮಾಡಿ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಕಣ್ಣಿನ ಮುಂದೆ ಒಂದು ಕೈ. ಇಷ್ಟು ದೂರ ಬಂದು ಏನು ನೋಡಿದೆ ಎಂದು ಯಾರಾದರೂ ಕೇಳಿದರೆ, ಶನಿವಾರವಿಡೀ ನಾನು ನೋಡಿದ್ದು ನೀವು ಕೇಳಿದ ಫೋಟೋಗೆ ಹೊಂದುವ ಗೋಡೆಗಳನ್ನು. ಬಣ್ಣ ಜಾಸ್ತಿ ಇರಬಾರದು, ಬೆಳಕು ಎಡಗಡೆಯಿಂದ ಬರಬೇಕು, ಎಡ ಎಂದರೆ ಕ್ಯಾಮೆರಾದ ಎಡ. ‘ಸರೋವರ ಬಿಟ್ಟು ಗೋಡೆ ಮುಂದೆ ನಿಲ್ತಾಳಂತೆ, ನಿನಗೇನು ತಲೆ ಕೆಟ್ಟಿದೆಯಾ’ ಎಂದಳು ನಕ್ಷೆ. ಮೂರು ನಿಮಿಷ ಬಿಡುವು ಕೇಳಿದರೆ ಮ್ಯೂಸಿಯಂ ಮುಚ್ಚುತ್ತದೆ ಎಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಕೊನೆಗೆ ದೋಣಿ ನಿಲ್ಲಿಸುವ ಶೆಡ್ಡಿನ ಹಿಂದೆ ಸಿಕ್ಕಿತು. ಬೂದು ಬಣ್ಣದ ಗೋಡೆ, ನಾಲ್ಕು ಗಂಟೆಯ ಓರೆ ಬಿಸಿಲು. ದಡದಲ್ಲಿ ಕೂತು ನಕ್ಷೆಯ ಪಟ್ಟಿಯ ಆ ಒಣ ಕಾಲುಚೀಲ ತೆಗೆದು, ಮರಳು ತುಂಬಿ, ಬಾಯಿ ಕಟ್ಟಿ, ಎಡಭುಜದ ಮೇಲೆ ಇಟ್ಟುಕೊಂಡೆ. ಇಬ್ಬರೂ ನಗಲು ಶುರುಮಾಡಿದರು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು. ಯಾಕೆ ಎಂದು ಹೇಳಿದೆ, ಈ ಕಾಗದದಲ್ಲಿ ಬರೆದದ್ದರಲ್ಲಿ ಅರ್ಧದಷ್ಟು. ಲಂಬು ಮಂಡಿಯೂರಿ ಕೂತು, ನೀವು ಕ್ಯಾಮೆರಾ ಇಡುವ ಎತ್ತರಕ್ಕೆ ಬಂದು, ಆರು ಫೋಟೋ ತೆಗೆದ. ನಕ್ಷೆ ಗಡಿಯಾರ ನೋಡಲಿಲ್ಲ.

ಮುಗಿದ ಮೇಲೆ ಚೀಲ ತೆಗೆಯಲು ನಕ್ಷೆಯೇ ಕೈ ಚಾಚಿದಳು. ‘ಇನ್ನೊಂದು ನಿಮಿಷ ಇರ್ಲಿ’ ಎಂದೆ. ಅಂದ ಮೇಲೆ ನನಗೆ ಆ ಹೆಂಗಸಿನ ದನಿ ಕೇಳಿಸಿತು, ಮತ್ತೆ ಅಳು ತಡೆಯಲಾಗಲಿಲ್ಲ. ಹನ್ನೊಂದರಲ್ಲಿ ಮ್ಯೂಸಿಯಂ ಒಂದು ನಮಗೆ ತಪ್ಪಿಹೋಯಿತು.

ನಿನ್ನೆ ಪ್ರಯೋಗಾಲಯದ ತಕ್ಕಡಿಯಲ್ಲಿ ಆ ಕಾಲುಚೀಲ ತೂಗಿದೆ. ನಾನೂರ ಇಪ್ಪತ್ತು ಗ್ರಾಂ. ಇದು ನಿಮ್ಮ ಕೈಗಿಂತ ಹಗುರ ಇರಬೇಕು. ಲೆಕ್ಕ ಹಾಕಿ ನನ್ನ ಭುಜ ಇನ್ನೊಂಚೂರು ಇಳಿಸಿಕೊಳ್ಳಿ. ಫೋಟೋ ಇದರೊಂದಿಗೆ ಇದೆ. ಪ್ರಿಂಟ್ ಹಾಕಿಕೊಟ್ಟ ಅಂಗಡಿಯಾಕೆ ಭುಜದ ಮೇಲಿರುವುದನ್ನು ಅಳಿಸಿಕೊಡಲೇ ಎಂದು ಕೇಳಿದಳು. ಬೇಡ, ಅದಕ್ಕೆ ನಮ್ಮ ಮನೆಯಲ್ಲಿ ಜನ ಇದ್ದಾರೆ ಎಂದೆ. ನಗು ಸರಿಯಾಗಿ ಬಂದಿಲ್ಲ, ಅಳುವ ಮೊದಲೇ ಕಣ್ಣು ಕೆಂಪಗಿದೆ. ನಿಮ್ಮ ಗಿರಾಕಿಗಳಿಗೆ ಬೆಳ್ಳಗೆ ಮಾಡಿಕೊಡುವ ಹಾಗೆ ನನ್ನನ್ನು ತಿದ್ದಬೇಡಿ. ನನ್ನನ್ನು ಆ ಜಾಗದಲ್ಲಿ ನಿಲ್ಲಿಸಿ, ಕಾಲುಚೀಲದ ಮೇಲೆ ನಿಮ್ಮ ಕೈ ಇಡಿ. ಅಷ್ಟು ಸಾಕು.

ಅಂದ ಮಾತು ತಪ್ಪಾಯಿತು ಅಪ್ಪ.

ನಿಮ್ಮ
ಅಸಿಸ್ಟೆಂಟ್

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಕಾಗದ ಮಡಿಸಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದದ್ದು ಮದುವೆಗೆ ಐದು ದಿನ ಮುಂಚೆ. ಪೆಟ್ಟಿಗೆಯನ್ನೂ ತುಂಬಿಟ್ಟಿದ್ದೆ. ಒಮ್ಮೆ ಮನೆಯ ಹೊಸಿಲು ದಾಟಿದರೆ ಮತ್ತೆ ವಿಮಾನ ಹತ್ತಲು ನನ್ನಿಂದ ಆಗುವುದಿಲ್ಲ ಎಂದು ಹೆದರಿ, ಒಂದೊಂದೇ ಬಟ್ಟೆ ತೆಗೆದು ಕಪಾಟಿಗೆ ಇಟ್ಟೆ. ನೀವು ಬಿಟ್ಟ ಆ ಜಾಗದಲ್ಲಿ ನಾನು ನಿಜವಾಗಿ ನಿಂತಿರಬಹುದಿತ್ತು. ಅದನ್ನು ನೋಡಿ ಬಂದ ಸಿಟ್ಟು ನಿಮ್ಮ ಮೇಲಿನದಲ್ಲ. ಅಮ್ಮನಿಗೂ ಅಕ್ಕನಿಗೂ ನಾನೇ ಹೇಳುತ್ತೇನೆ. ಮೊದಲು ನಿಮಗೆ ಹೇಳಬೇಕಿತ್ತು. ಭಾನುವಾರ ಫೋನು ಮಾಡುತ್ತೇನೆ. ‘ಊಟ ಆಯ್ತಾ’ ಅಂತ ಕೇಳಿ. ನಾನು ಹೂಂ ಅಂದಮೇಲೆ, ಏನೂ ಮಾತಾಡದಿದ್ದರೂ ಸರಿ, ಫೋನು ನಿಮ್ಮ ಕೈಯಲ್ಲೇ ಇನ್ನೊಂದು ನಿಮಿಷ ಇರಲಿ.