ಅಮ್ಮಂದಿರು ಹಾಕಿದ ಅಂಕ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಳುತ್ತೇನೆ. ಅದಕ್ಕೇ ಪ್ರಯೋಗಾಲಯದಲ್ಲಿ, ಇಲಿಗಳ ಪಂಜರದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಔಷಧದ ಪ್ರಯೋಗ ನಿಂತುಹೋಯಿತು. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಸಕ್ಕರೆ ತುಂಬಿದ ಮಾತ್ರೆ ಎಂಬ ಪಟ್ಟಿಯನ್ನು ನಿನ್ನೆ ತೆರೆದರು. ನಿನ್ನ ಮಗ, ನಮ್ಮ ಗುಂಡ, ಆರು ತಿಂಗಳು ನುಂಗಿದ್ದು ಸಕ್ಕರೆ. ಆಸ್ಪತ್ರೆಯ ಕಾಗದಕ್ಕೆ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ.

ಹಾಗಾದರೆ ಅವನು ಸುಧಾರಿಸಿದ್ದು ಹೇಗೆ ಎಂದು ಕೇಳುತ್ತೀ. ಅವನು ಸುಧಾರಿಸಿಲ್ಲ, ಅಕ್ಕ.

ನಮ್ಮಮ್ಮನಿಂದ ನಿನಗೆ, ನಿನ್ನಿಂದ ಅವನಿಗೆ ಇಳಿದುಬಂದ ದೋಷ ಅದು. ಮಿದುಳಿನಲ್ಲಿ ಒಂದು ಪ್ರೋಟೀನು ತಯಾರಾಗುವುದಿಲ್ಲ, ನರಕೋಶಗಳ ಗಲಾಟೆಗೆ ಕಡಿವಾಣವಿಲ್ಲ. ಇಲಿಗಳಲ್ಲಿ ಈ ಔಷಧ ಆ ಗಲಾಟೆ ತಗ್ಗಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಅದಕ್ಕೇ ನಿನ್ನ ಬೆನ್ನು ಹತ್ತಿ ಗುಂಡನನ್ನು ಪ್ರಯೋಗಕ್ಕೆ ಸೇರಿಸಿದ್ದು. ಆದರೆ ಇಲಿಗಳಿಗೆ ಅವುಗಳ ಅಮ್ಮ ಅಂಕ ಹಾಕುವುದಿಲ್ಲ. ಮಗು ಎಷ್ಟು ಸುಧಾರಿಸಿದೆ ಎಂದು ವಾರವಾರ ನಮೂನೆ ತುಂಬಿ ಮಕ್ಕಳಿಗೆ ಅಂಕ ಹಾಕಿದವರು ಅಮ್ಮಂದಿರೇ. ಸಕ್ಕರೆ ತಿಂದವರ ಅಮ್ಮಂದಿರೂ ಮಗು ಮುಖ ನೋಡುತ್ತದೆ, ಮಾತು ಕಲಿಯುತ್ತಿದೆ ಎಂದು ಬರೆದರು. ಎರಡೂ ಗುಂಪಿನ ಅಂಕ ಸರಿಸಮ ಬಂತು. ಔಷಧ ಕೆಲಸ ಮಾಡಿತ್ತೋ ಇಲ್ಲವೋ, ಇನ್ನು ಯಾರೂ ಹೇಳಲಾರರು. ಕಂಪನಿ ಕೈ ತೊಳೆದುಕೊಂಡಿತು.

ಕೊನೆಯ ನಮೂನೆ ತುಂಬಿದ ದಿನ ಗುಂಡ ಊಟದ ಮೇಜಿನಲ್ಲೇ ಕೈ ಕಚ್ಚಿಕೊಂಡ. ನೀನು ಮುಲಾಮು ಹಚ್ಚಿ, ಬೆರಳು ಒರೆಸಿಕೊಂಡು, ಕಚ್ಚಿಕೊಳ್ಳುವುದು ಕಡಿಮೆಯಾಗಿದೆ ಎಂಬಲ್ಲಿ ಗುರುತು ಹಾಕಿದೆ. ನಾನು ಎದುರಿಗೇ ಕೂತಿದ್ದೆ. ನೀನು ಸುಳ್ಳು ಬರೆಯಲಿಲ್ಲ, ನಿನಗೆ ಹಾಗೇ ಕಂಡಿತು. ತಡೆಯುವ ಮಾತು ಬಾಯಿಯವರೆಗೆ ಬಂತು. ಆದರೆ ನೀನು ಈ ಆರು ತಿಂಗಳು ಎಷ್ಟು ಗೆಲುವಾಗಿದ್ದೆ.

ಭಾನುವಾರ ಬರುತ್ತೇನೆ. ಎಷ್ಟು ಬೇಕಾದರೂ ಬೈ, ಬಾಗಿಲು ಮಾತ್ರ ತೆಗೆ.

ನಿನ್ನ ತಂಗಿ

ಇನ್ನೊಂದು ಮಾತು: ಪ್ರತಿ ಮಗುವಿಗೂ ನೆಂಟರೊಬ್ಬರು ಬೇರೆಯಾಗಿ ಇನ್ನೊಂದು ನಮೂನೆ ತುಂಬಬೇಕಿತ್ತಲ್ಲ, ಗುಂಡನದನ್ನು ತುಂಬಿದವಳು ನಾನು. ನಾನೆಲ್ಲಿ ಕೆಲಸ ಮಾಡುತ್ತೇನೆಂದು ಆಸ್ಪತ್ರೆಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮನ್ನು ಗುರುತಿಸಿ ಕರೆಯುತ್ತಾನೆಯೇ ಎಂಬ ಪ್ರಶ್ನೆಗೆ, ಹೌದು, ಚಿಕ್ಕಮ್ಮ ಎನ್ನುತ್ತಾನೆ ಎಂದು ವಾರವಾರವೂ ಬರೆದೆ. ನಿನ್ನಂತೆ ಕಂಡು ಬರೆದದ್ದಲ್ಲ, ಅಕ್ಕ. ಅವನು ಒಮ್ಮೆಯೂ ಕರೆದಿಲ್ಲ.