ಮಂತ್ರಿಗಳು ಕೆಮ್ಮಿದರೆ

ಮಾರ್ಚ್ ೩, ಸೋಮವಾರ

ಬೆಳಗ್ಗೆ ಲಿಫ್ಟಿನ ಹಿಡಿ ಒರೆಸಿದೆ. ಫ್ಯಾನ್ ಕಿರ್ ಅಂತಿದೆ, ಎಣ್ಣೆ ಬಿಡಬೇಕು. ಕಳಚಿ ಯಾರ ತಲೆ ಮೇಲಾದರೂ ಬಿದ್ದರೆ? ಶಾಸನಸಭೆಯ ಲಿಫ್ಟು, ಬೀಳೋದೂ ದೊಡ್ಡವರ ತಲೆ ಮೇಲೇ.

ಮಧ್ಯಾಹ್ನ ಸಭೆ ಮುಗೀತು. ಮೂರನೇ ಮಹಡೀಲಿ ಮಂತ್ರಿಗಳು ಹತ್ತಿದರು. ಹಿಂದೇನೇ ವಿರೋಧ ಪಕ್ಷದ ಮೇಡಂ. ಮಂತ್ರಿಗಳು ಕೆಮ್ಮಿದರು. ಕೆಮ್ಮಿದರೆ ನಾನು ಲಿಫ್ಟು ನಿಲ್ಲಿಸಬೇಕು, ನಮ್ಮ ಮೂವರ ಒಪ್ಪಂದ. ಮೂರಕ್ಕೂ ನಾಲ್ಕಕ್ಕೂ ಮಧ್ಯೆ ನಿಲ್ಲಿಸಿ ಗೋಡೆ ಕಡೆ ತಿರುಗಿದೆ. ಕಿವೀನ ಎಲ್ಲಿಗೆ ತಿರುಗಿಸಲಿ?

"ಸಭೇಲಿ ನನ್ನ ಕಳ್ಳ ಅಂದಿದ್ದು ಸರಿ. ಮುದಿ ಕಳ್ಳ ಅನ್ನಲೇಬೇಕಿತ್ತಾ?"

"ಬಾಯಿಗೆ ಬಂತು. ಬಿಪಿ ಮಾತ್ರೆ ತಗೊಂಡ್ರಾ?"

"ನೀನು ಬೈದ ಮೇಲೆ ತಗೊಂಡೆ."

ಇಬ್ಬರೂ ನಕ್ಕರು. ಅಯ್ಯೋ, ಎಂಥ ನಗು! ಅವರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷ. ಮೇಡಂ ಮದುವೇನೇ ಆಗಿಲ್ಲ. ತಪ್ಪೇನೂ ಇಲ್ಲ. ಆದರೆ ಹೊರಗೆ ಬಿದ್ದರೆ ಎರಡೂ ಪಾರ್ಟಿಯವರು ಸಿಗಿದು ಹಾಕ್ತಾರೆ. ನನ್ನ ಕೆಲಸ? ಅದೂ ಹೋಗುತ್ತೆ... ಆದರೂ! ಅಜ್ಜಿ ಹೇಳ್ತಿದ್ದ ಕತೆ — ಶತ್ರು ರಾಜನ ಮಗಳಿಗೆ ಮನಸ್ಸು ಕೊಟ್ಟ ಸೇನಾಪತಿ. ಅದರಲ್ಲಿ ಕೋಟೆ ಬಾಗಿಲು ತೆಗೆಯೋನು ಒಬ್ಬ ಇರ್ತಿದ್ದ. ಅಜ್ಜಿ ಅವನ ಹೆಸರೇ ಹೇಳ್ತಿರಲಿಲ್ಲ. ಅವನು ನಾನೇ!

ಮಾರ್ಚ್ ೫, ಬುಧವಾರ

ಮನೇಗೆ ಬಂದರೆ ಇವಳು, ನನ್ನ ಹೆಂಡತಿ, ನನ್ನ ಶರ್ಟ್ ಮೂಸಿದಳು.

"ಇದು ಯಾವ ಸೆಂಟು?"

"ಲಿಫ್ಟಲ್ಲಿ ನೂರು ಜನ ಬರ್ತಾರೆ."

"ನೂರು ಜನಾನೂ ಒಂದೇ ಸೆಂಟು ಹಾಕ್ತಾರಾ? ಊಟಕ್ಕೆ ಕೂತಾಗ ಒಬ್ಬರೇ ಯಾಕೆ ನಗ್ತೀರಿ?"

ನಕ್ಕೆನಾ? ನನಗೇ ಗೊತ್ತಿಲ್ಲ. ನಿಜ ಹೇಳಿದರೆ ಮುಗೀತು — ಬೀದಿಯವರು ಇವಳನ್ನ ರೇಡಿಯೋ ಅಂತ ಸುಮ್ಮನೆ ಕರೆಯಲ್ಲ. ಹೇಳದಿದ್ದರೂ ಮುಗೀತು.

ಮಾರ್ಚ್ ೬, ಗುರುವಾರ

ರೇಡಿಯೋ ಶುರುವಾಗಿದೆ. ಎದುರುಮನೆ ಟೀಚರಮ್ಮ ನನ್ನ ಕಂಡು ಬಾಗಿಲು ಹಾಕಿಕೊಂಡರು. ದಿನಸಿ ಅಂಗಡಿಯವನು ಕಣ್ಣು ಹೊಡೆದ. ನನಗೆ! ತಲೇಲಿ ನಾಲ್ಕು ಕೂದಲು, ಸೊಂಟದಲ್ಲಿ ನೋವು.

ಇವಳು ಅಣ್ಣನಿಗೆ ಫೋನ್ ಮಾಡಿದಾಳೆ. ಬುಧವಾರ ಬಂದು ಕರ್ಕೊಂಡು ಹೋಗ್ತಾನಂತೆ. ಹೋದರೆ ವಾಪಸ್ ಬರಲ್ಲ, ಇವಳ ಹಠ ನನಗೆ ಗೊತ್ತು. ಹೇಳಿಬಿಡ್ಲಾ? ಬಾಯಿವರೆಗೂ ಬಂತು. ಮುಂದಿನ ಗುರುವಾರ ಸರ್ಕಾರದ ಮೇಲೆ ಅವಿಶ್ವಾಸ ಮತ. ಪೇಪರಿನವರು ಮೆಟ್ಟಿಲ ತುಂಬ ಇರುವೆ ಹಾಗೆ... ನುಂಗಿಕೊಂಡೆ.

ಮಾರ್ಚ್ ೧೧, ಮಂಗಳವಾರ, ಸಂಜೆ

ಇದನ್ನ ಮೊದಲು ಬರೆದುಬಿಡ್ತೀನಿ.

ಇಷ್ಟು ದಿನ ಇವಳು ಮನೇಲಿ ನನ್ನ ಮುಖ ನೋಡಿಲ್ಲ. ತಟ್ಟೆ ಇಡ್ತಾಳೆ, ಹೋಗ್ತಾಳೆ. ಇವತ್ತು ಲಿಫ್ಟಿನ ಬಾಗಿಲು ತೆಗೆದರೆ — ಇವಳು! ಕಸ ಗುಡಿಸೋ ಅಕ್ಕನ ಕೈಲಿ ಪಾಸ್ ಮಾಡಿಸಿಕೊಂಡು ಬಂದಿದಾಳೆ.

"ಎಷ್ಟನೇ ಮಹಡಿ?" ಬಾಯಿಗೆ ಬಂದಿದ್ದು ಅದೇ.

"ನಿಮ್ಮವಳು ಹತ್ತೋ ಮಹಡಿ."

ಮೂಲೇಲಿ ನಿಂತಳು. ಮೂರನೇ ಮಹಡಿ. ಮಂತ್ರಿಗಳು ಹತ್ತಿದರು. ಬಾಗಿಲು ಹಾಕೋ ಹೊತ್ತಿಗೆ ಮೇಡಂ. ಇವಳನ್ನ ಕಂಡು ಇಬ್ಬರೂ ಆ ಗೋಡೆಗೊಬ್ಬರು, ಈ ಗೋಡೆಗೊಬ್ಬರು. ಸದ್ಯ, ದಾಟಿದೆ ಅಂದುಕೊಂಡೆ. ಮಂತ್ರಿಗಳಿಗೆ ಇವತ್ತು ನಿಜವಾಗಲೂ ನೆಗಡಿ. ಕೆಮ್ಮಿದರು.

ನಾನಲ್ಲ, ನನ್ನ ಕೈ! ತಾನಾಗೇ ಹಿಡಿ ತಿರುಗಿಸಿಬಿಡ್ತು. ಲಿಫ್ಟು ನಿಂತಿತು. ಸಾಲದು ಅಂತ ಗೋಡೆ ಕಡೆ ತಿರುಗಿಯೂ ಬಿಟ್ಟೆ.

ಬೆನ್ನ ಹಿಂದೆ ಇವಳು ಮೂಸಿದ್ದು ಕೇಳಿಸ್ತು. ಮೇಡಂ ಕಡೆ ಒಂದು ಸಲ. ಮಂತ್ರಿಗಳ ಕಡೆ ಒಂದು ಸಲ. ಎರಡೂ ಕಡೆ ಅದೇ ಸೆಂಟು!

"ಇವರು ಯಾರಪ್ಪಾ?" ಮಂತ್ರಿಗಳ ದನಿಯೇ ಇಳಿದುಹೋಗಿತ್ತು.

"ನನ್ನ ಮನೆಯವಳು ಸಾರ್," ಅಂತ ಈ ಕಡೆ ತಿರುಗಿದೆ.

ಸಭೇಲಿ ಗುಡುಗೋ ಮೇಡಂ ಬಿಳಿಚಿಕೊಂಡರು. ಇವಳ ಕೈ ಹಿಡ್ಕೊಂಡರು. "ತಾಯಿ, ಗುರುವಾರ ಒಂದು ಕಳೀಲಿ. ಆಮೇಲೆ ನಾವೇ ಎಲ್ಲರಿಗೂ ಹೇಳ್ತೀವಿ."

ಇವಳು ಕೈ ಬಿಡಿಸಿಕೊಂಡಳು. ಮಂತ್ರಿಗಳಿಗೆ, "ಆ ಕೆಮ್ಮಿಗೆ ಏನಾದರೂ ತಗೊಳ್ಳಿ ಸ್ವಾಮಿ" ಅಂದಳು. ನನಗೆ, "ನೀವು ಗಾಡಿ ಬಿಡ್ರಿ."

ಮಾರ್ಚ್ ೧೨, ಬುಧವಾರ, ಸಂಜೆ

ಭಾವ ಬಂದ. ಟೀ ಕುಡಿದ. ಒಬ್ಬನೇ ವಾಪಸ್ ಹೋದ!

ಹಿಂದೇನೇ ಟೀಚರಮ್ಮ, ಜೊತೆಗೆ ಇನ್ನಿಬ್ಬರು. ನಾನು ಒಳಗೆ ಪರದೆ ಹಿಂದೆ, ಕಿವಿ ಕೊಟ್ಟು ನಿಂತೆ. ನನ್ನ ಮಾನ ಉಳಿಸಬೇಕಾದರೆ ಇವಳು ನಿಜ ಹೇಳಬೇಕು. ರೇಡಿಯೋಗೆ ಜನ್ಮದಲ್ಲಿ ಇಂಥ ಸುದ್ದಿ ಸಿಕ್ಕಿಲ್ಲ.

"ಏನಾಯ್ತಕ್ಕ? ಸಿಕ್ಕಳಾ?"

ಇವಳು ಉಸಿರೆಳೆದದ್ದು ಇಲ್ಲಿವರೆಗೂ ಕೇಳಿಸ್ತು.

"ಸಿಕ್ಕಳು ಕಣ್ರೀ. ಕಣ್ಣಾರೆ ನೋಡಿದೆ. ಚೆನ್ನಾಗೇ ಇದಾಳೆ."

"ಅಯ್ಯಯ್ಯೋ! ಮತ್ತೆ ಸುಮ್ಮನೆ ಬಂದ್ರಾ?"

"ಇನ್ನೇನು ಮಾಡ್ಲಿ? ನಮ್ಮನೆಯವರನ್ನ ಒಬ್ಬಳಾದರೂ ಮೆಚ್ಚಿದಾಳೆ. ನಿಮ್ಮನೆಯವರನ್ನ?"

ಟೀಚರಮ್ಮನ ಚಪ್ಪಲಿ ಸದ್ದು ದೂರ ಹೋಯ್ತು.

ಇಡೀ ಬೀದಿಗೆ ನಾನು ಕೆಟ್ಟವನಾದೆ. ಇಷ್ಟು ಖುಷಿ ಎಂದೂ ಆಗಿರಲಿಲ್ಲ! ನಾಳೆ ಮತ, ಅದರ ದಿಗಿಲು ಇದ್ದೇ ಇದೆ... ಇರಲಿ. ಇವಳು ಬಾಗಿಲು ಹಾಕಿದಳು. ಚಿಲಕ ಹಾಕಿದಳು. ಕಿಟಕೀನೂ. ಈಗ ಪಕ್ಕದಲ್ಲೇ ಬಂದು ಕೂತು ಪೆನ್ನು ಎಳೀತಿದಾಳೆ. "ಬರೆದಿದ್ದು ಸಾಕು ಬಿಡ್ರಿ. ಮೊದಲನೇ ಸಲ ಯಾವತ್ತು ಕೆಮ್ಮಿದ್ದು? ಒಂದೂ ಬಿಡದೆ ಹೇಳ್ಬೇಕು, ಅವತ್ತು ಆಯಮ್ಮ ಏನಂದ್ರು, ಅದಕ್ಕೆ ಅವರು..." ತಾಳೇ ಅಂದರೂ ಕೇಳಲ್ಲ, ಇನ್ನೊಂದೇ ಸಾಲು ಬರ—