ಐವತ್ತೆರಡು ಸೆಕೆಂಡು

ಮುರಳಿ,

ವಿಳಾಸ ಗೊತ್ತಿದ್ದೂ ಇದನ್ನು ಅಂಚೆಗೆ ಹಾಕುವ ಮುಖ ನನಗಿಲ್ಲ.

ಇವತ್ತು ಚನ್ನರಾಯಪಟ್ಟಣದ ಕಬಡ್ಡಿ ಪಂದ್ಯದಲ್ಲಿ ಎಂದಿನಂತೆ ಮೈಕು ನನ್ನ ಕೈಯಲ್ಲೇ ಇತ್ತು. ಅತಿಥಿಗಳು ತಡವಾಗಿ ಬಂದರು, ಆಟದ ನಡುವೆಯೇ ರಾಷ್ಟ್ರಗೀತೆ ಹಾಕಿಸಿದೆ. ಆಗಷ್ಟೇ ಶಾಂತಿಗ್ರಾಮ ತಂಡದ ಸೌಜನ್ಯ ಕಾಲು ಉಳುಕಿ ಅಂಕಣದಲ್ಲಿ ಬಿದ್ದಿದ್ದಳು. ಮುನ್ನೂರು ಜನ ಕಂಬದಂತೆ ನಿಂತರು. ಅಂಪೈರೂ ನಿಂತ, ನಾನೂ ನಿಂತೆ.

"ಏಳವ್ವಾ, ಎದ್ದು ನಿಂತ್ಕಳವ್ವಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹುಡುಗಿ ಒಂಟಿಕಾಲಲ್ಲಿ ಎದ್ದು ನಿಂತಳು.

ಆರು ವರ್ಷದ ಹಿಂದೆ ಇದೇ ಮೈದಾನದಲ್ಲಿ ನೀನು ಅಂಪೈರಾಗಿದ್ದೆ. ಗೀತೆ ಶುರುವಾದರೂ, ಬಿದ್ದ ಆಟಗಾರನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀನು ಕೂತೇ ಇದ್ದೆ. ಮುಗಿದೊಡನೆ, "ಏನ್ ಅಂಪೈರ್ ಸಾ, ದೇಶಕ್ಕಿಂತ ದೊಡ್ಡೋರಾ ನೀವು?" ಎಂದು ಮೈಕಿನಲ್ಲಿ ಕೇಳಿದವನು ನಾನು. ಬಿದ್ದ ಚಪ್ಪಾಳೆಯೆಲ್ಲ ನನಗೆ ಲಾಭದಂತೆ ಕಂಡಿತ್ತು. ನೀನು ಸೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದೆ.

ಗೀತೆ ಐವತ್ತೆರಡು ಸೆಕೆಂಡು. ಇವತ್ತು ಒಂದೊಂದನ್ನೂ ಎಣಿಸಿದೆ. ಮುಗಿದಾಗ ಸೌಜನ್ಯ ನನ್ನತ್ತ ನೋಡಿ ಕೇಳಿದಳು: "ಸಾ, ಈಗ ಕೂತ್ಕಬೋದಾ?"

ಮೈಕು ಬಾಯ ಹತ್ತಿರವೇ ಇತ್ತು, ಮುರಳಿ. 'ಕೂತ್ಕೋ ಮಗಳೇ' ಅನ್ನಲು ಆಗಲಿಲ್ಲ. ಹೂಂ ಎನ್ನುವಂತೆ ಬರೀ ತಲೆಯಾಡಿಸಿದೆ.